ಕೌದಿಯಲ್ಲಿ ಸುತ್ತಿದ ಮೋಟರು

“ಹಾ ಮಾಲ್ ಆತಾ ಯೇತ್ ನಾಹೀ, ಮ್ಯಾಡಮ್.”

ಈ ಮಾಲು ಈಗ ಬರುವುದಿಲ್ಲ ಎಂದು ಹನ್ನೊಂದನೆಯ ಅಂಗಡಿಯವನೂ ಹೇಳಿ, ದಾನಮ್ಮ ಕೊಟ್ಟ ಫೋಟೋವನ್ನು ಗಾಜಿನ ಮೇಲೆ ಹಿಂದಕ್ಕೆ ಸರಿಸಿದ. ಸರಿಸುವ ಮೊದಲು ಅದನ್ನು ನೋಡಿದನೋ ಇಲ್ಲವೋ ದೇವರೇ ಬಲ್ಲ. ಸಂಭಾಜಿನಗರದ ಮೋಟರ್ ಅಂಗಡಿಯವರಿಗೆಲ್ಲ ಒಬ್ಬನೇ ಗುರು ಪಾಠ ಹೇಳಿರಬೇಕು. ಮೊದಲು ಇಲ್ಲ ಅನ್ನಬೇಕು, ಆಮೇಲೆ ಹೊಸದನ್ನು ತೋರಿಸಬೇಕು, ಅದೂ ಬೇಡವೆಂದರೆ ಪಕ್ಕದ ಬೀದಿಗೆ ಕಳಿಸಬೇಕು. ಬೆಳಿಗ್ಗೆ ಒಂಬತ್ತರಿಂದ ಪಕ್ಕದ ಬೀದಿಗಳನ್ನೇ ಸುತ್ತಿ ದಾನಮ್ಮನ ಮೊಣಕಾಲು ಅವಳ ಮಾತು ಕೇಳುವುದನ್ನು ಬಿಟ್ಟಿತ್ತು.

ತನಗೆ ಮೋಟರು ಬೇಡ, ಇಂಥ ಹಳೇ ಮೋಟರನ್ನು ಇತ್ತೀಚೆಗೆ ಯಾರಾದರೂ ಒಯ್ದಿದ್ದಾರಾ ಎಂಬುದಷ್ಟೇ ಬೇಕು ಎಂದು ಅವಳು ಹನ್ನೊಂದನೆಯ ಸಲ ಬಿಡಿಸಿ ಹೇಳಿದಳು. ಅಂಗಡಿಯವನು ಎದ್ದು ಹೋಗಿ ಹೊಸ ಮೋಟರೊಂದನ್ನು ತಂದು ಮುಂದಿಟ್ಟ.

ನಾಸಿಕದ ಅಂಬಡದಲ್ಲಿ ಜಯಕರನ ಈರುಳ್ಳಿ ಒಣಗಿಸುವ ಕಾರ್ಖಾನೆಯ ಡ್ರೈಯರಿಗೆ ಬೆಂಕಿ ಬಿದ್ದು ಇವತ್ತಿಗೆ ಹನ್ನೆರಡು ದಿನ. ಒಳಗಿನ ಟ್ರೇ ಎಳೆಯಹೋದ ಕೆಲಸಗಾರ ಮುದ್ದಣ್ಣನ ಎರಡೂ ಕೈ ಸುಟ್ಟಿದ್ದವು. ತಪ್ಪು ಮೋಟರು ಕೂಡಿಸಿದ್ದೇ ಕಾರಣ, ಕೂಡಿಸಿದವನು ನಾನೇ ಎಂದು ಅವನ ಅಕ್ಕನ ಗಂಡ, ಮೆಕ್ಯಾನಿಕ್ ಸಾಯಬಣ್ಣ, ಸೋಮವಾರ ಠಾಣೆಯಲ್ಲಿ ಹೇಳಿಕೆಗೆ ಸಹಿ ಹಾಕಲು ತಯಾರಾಗಿ ಕೂತಿದ್ದ. ಸಹಿ ಬಿದ್ದರೆ ಮೂವತ್ತು ವರ್ಷದ ಲೈಸೆನ್ಸು ಹೋಗುತ್ತದೆ, ಮೇಲೆ ಕೇಸೂ ಬೀಳುತ್ತದೆ. ಇವತ್ತು ಶನಿವಾರ.

ಸಿಟ್ಟು ಬರುವುದು ಇಲ್ಲೇ. ಸಾಯಬಣ್ಣ ಆ ಮೋಟರು ಕೂಡಿಸಿರಲಿಲ್ಲ ಎಂಬುದು ದಾನಮ್ಮನಿಗೆ ಖಾತ್ರಿ ಇತ್ತು. ವಿಮೆಯವರ ಪರವಾಗಿ ಮೂವತ್ತೊಂದು ವರ್ಷ ಸುಟ್ಟ ಕಾರ್ಖಾನೆಗಳ ಬೂದಿ ಕೆದಕಿ ನಿವೃತ್ತಳಾದವಳು ಅವಳು. ಈಗ ಕರೆದವರ ಕೆಲಸಕ್ಕೆ ಹೋಗುತ್ತಾಳೆ. ಈ ಸಲ ಕರೆದವಳು ಸಾಯಬಣ್ಣನ ಹೆಂಡತಿ ಈರಮ್ಮ. ಸುಟ್ಟಿದ್ದು ಬೆನ್ನಿಗೆ ಬಿದ್ದ ತಮ್ಮನ ಕೈ, ಹೊಣೆ ಬಿದ್ದದ್ದು ಗಂಡನ ಮೇಲೆ. ಆದರೂ ಅವಳು ಅತ್ತು ಕೂರದೆ ಮನೆ ಹುಡುಕಿಕೊಂಡು ಬಂದು, ನನ್ನ ಗಂಡನ್ನ ಉಳಿಸಿರಿ ಎಂದಿದ್ದಳು. ಆ ಹೆಣ್ಣಿನ ಎದೆಗಾರಿಕೆಗೇ ದಾನಮ್ಮ ಒಪ್ಪಿಕೊಂಡದ್ದು.

ಅವಳ ಚೀಲದಲ್ಲಿದ್ದ ಫೋಟೋ ಎರಡು. ಒಂದು, ಬೂದಿಯಲ್ಲಿ ಸಿಕ್ಕ ಮೋಟರಿನದು. ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಾದಾ ಮೋಟರು. ಅದರ ಶಾಫ್ಟು ಸಣ್ಣದು, ಹಳೇ ಫ್ಯಾನಿನ ತೂತು ದೊಡ್ಡದು. ನಡುವಿನ ಸಂದು ತುಂಬಲು ಒಂದು ಅಲ್ಯುಮಿನಿಯಂ ಬುಶ್, ಅಂದರೆ ಬಳೆಯಂಥ ಕೊಳವೆ, ತುರುಕಿದ್ದರು. ಡ್ರೈಯರು ಕಾದಾಗ ಬುಶ್ ಸಡಿಲಾಗಿದೆ. ಮೇಲೆ ಮೋಟರು ಗುಂಯ್ ಎಂದು ತಿರುಗುತ್ತಲೇ ಇದೆ, ಒಳಗೆ ಫ್ಯಾನು ನಿಂತಿದೆ. ಗಾಳಿಯಿಲ್ಲದೆ ಕಾಯಿಲುಗಳು ಕೆಂಪಾಗಿ ಒಣ ಈರುಳ್ಳಿಗೆ ಹೊತ್ತಿಕೊಂಡಿದೆ. ಹೊರಗಿದ್ದವರಿಗೆ ಸದ್ದು ಕೇಳುತ್ತಿದ್ದರಿಂದ ಯಾರಿಗೂ ಅನುಮಾನ ಬಂದಿಲ್ಲ.

ಎರಡನೆಯ ಫೋಟೋ ಆ ಡ್ರೈಯರಿನ ಮೂಲ ಮೋಟರಿನದು. ಉದ್ದ ಶಾಫ್ಟಿನ ಪರದೇಶದ ಮಾಲು, ಮಾಡುತ್ತಿದ್ದ ಕಂಪನಿಯೇ ಮುಚ್ಚಿ ಇಪ್ಪತ್ತು ವರ್ಷ. ಅದು ಸುಟ್ಟುಹೋದಾಗ ಸಾಯಬಣ್ಣ ಅಂಥದ್ದೇ ಬೇಕೆಂದು ನಲವತ್ತು ದಿನ ಹುಡುಕಿದ. ನಲವತ್ತು ದಿನ ಡ್ರೈಯರು ನಿಂತಿತು. ಮಾಲೀಕ ಜಯಕರ ಉಡುಪಿ ಕಡೆಯವನು. ದಿಂಡೋರಿ ರಸ್ತೆಯಲ್ಲಿ ಎರಡು ಹೋಟೆಲು ನಡೆಸುತ್ತ ಈ ಕಾರ್ಖಾನೆಯನ್ನೂ ಹಚ್ಚಿಕೊಂಡವನು. “ಒಂದು ಬುಶ್ ಹಾಕಿದ್ರೆ ಮುಗೀತದೆ ಮಾರಾಯ ಅಂತ ನಾನೇ ಹೇಳಿದ್ದುಂಟು. ಕೇಳ್ಬೇಕಲ್ಲ ಅವ?” ಎಂದು ಅವನೇ ದಾನಮ್ಮನ ಮುಂದೆ ಹಲುಬಿದ್ದ.

ನಲವತ್ತು ದಿನ ಬುಶ್ ಬೇಡವೆಂದು ಮಾಲೀಕನ ಬೈಗುಳ ಹೊಟ್ಟೆಗೆ ಹಾಕಿಕೊಂಡವನು ನಲವತ್ತೊಂದನೆಯ ದಿನ ಬುಶ್ ಹಾಕುತ್ತಾನೆಯೇ? ಸಾಯಬಣ್ಣ ಸರಿಯಾದ ಮೋಟರನ್ನೇ ತಂದು ಕೂಡಿಸಿದ್ದ. ಹನ್ನೊಂದು ದಿನ ಓಡಿದ ಮೇಲೆ ಅವನು ಸಂಬಂಧಿಕರ ಮಗುವಿನ ಜವಳಕ್ಕೆಂದು ಆಳಂದಕ್ಕೆ ಹೋದ. ಆ ಎರಡು ದಿನದಲ್ಲಿ ಯಾರೋ ಅದನ್ನು ಬಿಚ್ಚಿ ಪೇಟೆ ಮೋಟರು ಕೂಡಿಸಿದ್ದರು. ಬುಶ್ ಹಾಕೆಂದವನೂ ಜಯಕರನೇ, ಕೀಲಿ ಇದ್ದದ್ದೂ ಅವನ ಬಳಿ. ದಾನಮ್ಮನ ಕಣ್ಣು ಅವನ ಮೇಲಿತ್ತು. ಆದರೆ ಸಾಬೀತು ಮಾಡಲು ಮೊದಲಿನ ಮೋಟರು ಎಲ್ಲಿಂದ ಬಂತೆಂದು ತಿಳಿಯಬೇಕಿತ್ತು. ಅದನ್ನು ಕೇಳಿದಾಗೆಲ್ಲ ಸಾಯಬಣ್ಣನ ಬಾಯಿಗೆ ಬೀಗ.

“ಅದೊಂದು ಕೇಳಬ್ಯಾಡ್ರಿ ಅಕ್ಕಾರ,” ಅನ್ನುತ್ತಿದ್ದ. ಮತ್ತೆ ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಅವನ ಅಂಗಿಯ ಕಿಸೆಯಲ್ಲಿ ಸಿಕ್ಕ ಬಸ್ ಟಿಕೆಟೊಂದೇ ಆಧಾರ. ಸಂಭಾಜಿನಗರದಿಂದ ನಾಸಿಕಕ್ಕೆ, ಎರಡು ಫುಲ್. ಮೋಟರಿಗೂ ಕಂಡಕ್ಟರ್ ಟಿಕೆಟ್ ಹರಿದಿದ್ದಾನೆ ಎಂದು ದಾನಮ್ಮ ಅಂದುಕೊಂಡಿದ್ದಳು.

ಹನ್ನೊಂದನೆಯ ಅಂಗಡಿಯವನಿಗೆ ಈ ಹೆಂಗಸು ಹೋದರೆ ಸಾಕಾಗಿತ್ತು. ಚಿಕಲಠಾಣೆ ಬಡಾವಣೆಯಲ್ಲಿ ಒಬ್ಬ ಕರ್ನಾಟಕದ ಮುದುಕ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುತ್ತಾನೆ, ಕೈಗೆ ಬಂದ ತುಕ್ಕು ಕಬ್ಬಿಣವನ್ನೂ ಎಸೆಯುವುದಿಲ್ಲ, ಅಲ್ಲಿಗೆ ಹೋಗಿ ಎಂದ. ಇದನ್ನು ಮೊದಲನೆಯ ಅಂಗಡಿಯವನೇ ಹೇಳಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು ಎಂದು ಬೈದುಕೊಳ್ಳುತ್ತ ದಾನಮ್ಮ ರಿಕ್ಷಾ ಹತ್ತಿದಳು.

ಬೋರ್ಡು ಮರಾಠಿಯಲ್ಲಿತ್ತು, ಒಳಗೆ ಗೋಡೆಯ ಕ್ಯಾಲೆಂಡರು ಕನ್ನಡದ್ದು. ನೆಲದ ತುಂಬ ಬಿಚ್ಚಿದ ಮೋಟರುಗಳು, ವಾರ್ನಿಶಿನ ವಾಸನೆ. ಹಣೆಗೆ ಇಬತ್ತಿ, ಅಂದರೆ ವಿಭೂತಿ, ಹಚ್ಚಿದ ಎಪ್ಪತ್ತರ ಮುದುಕ ತಾಮ್ರದ ತಂತಿ ಸುತ್ತುತ್ತ ಕೂತಿದ್ದ. ಹೆಸರು ವಿಶ್ವನಾಥಪ್ಪ, ಊರು ಭಾಲ್ಕಿ. ದಾನಮ್ಮನ ತವರು ಬಸವಕಲ್ಯಾಣ ಅಂದಕೂಡಲೇ ಅವನ ಮುಖ ಅರಳಿತು. ಯಾರ ಪೈಕಿ, ಯಾವ ಓಣಿ ಎಂದು ಹತ್ತು ನಿಮಿಷ ವಿಚಾರಿಸಿದ. ಈ ಊರಿನ ದಾಸೋಹದ ಮನೆಯಲ್ಲಿರುವ ಮಷೀನುಗಳ ದೇಖರೇಖಿ, ರಿಪೇರಿ ಎಲ್ಲವೂ ತನ್ನದೇ ಎಂದು ಹೆಮ್ಮೆಯಿಂದ ಹೇಳಿದ. ಊಟ ಅಲ್ಲೇ ಮಾಡಿಕೊಂಡು ಹೋಗಬೇಕೆಂದು ಒತ್ತಾಯವೂ ಆಯಿತು.

ದಾನಮ್ಮ ಎರಡನೆಯ ಫೋಟೋ ತೆಗೆದು ಅವನ ಕೈಗಿಟ್ಟಳು. ಅರಳಿದ ಮುಖ ಮುಚ್ಚಿಕೊಂಡಿತು.

ಇಂಥ ಮೋಟರು ನೋಡಿಲ್ಲ ಎಂದ. ನಾಸಿಕದ ಸಾಯಬಣ್ಣ ಗೊತ್ತೇ ಎಂದರೆ, ಸಾಯಬಣ್ಣ ಎಂಬ ಹೆಸರಿನವರು ಊರಿಗೆ ಹತ್ತು ಮಂದಿ ಇರುತ್ತಾರೆ ಎಂದ. ಆಮೇಲೆ ಚಹಾ ಹೇಳಿ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಊರವರು ಸಿಕ್ಕಿದರೂ ಸುಳ್ಳೇ ಸಿಕ್ಕಿತಲ್ಲ ಎಂದು ದಾನಮ್ಮನಿಗೆ ಅಳುವಷ್ಟು ಬೇಸರವಾಯಿತು. ಐದು ತಾಸು ಬಸ್ಸಿನಲ್ಲಿ ಕೂತು ಬಂದದ್ದು ಇದಕ್ಕಾಗಿಯೇ?

ಮೊಣಕಾಲು ನೀಡಲು ಜಾಗ ಬೇಕಿತ್ತು. ಬೆಂಚಿನ ಕೆಳಗಿದ್ದ ಗಂಟೊಂದನ್ನು ಕಾಲಿನಿಂದ ಒತ್ತಿದಳು. ಅದು ಸರಿಯಲಿಲ್ಲ, ಭಾರವಿತ್ತು. ಬಗ್ಗಿ ನೋಡಿದಳು.

ಗಂಟಿಗೆ ಸುತ್ತಿದ್ದು ಒಂದು ಸಣ್ಣ ಕೌದಿ, ಕೂಸನ್ನು ಮಲಗಿಸುವ ಅಳತೆಯದು. ಖಾಕಿ ಬಟ್ಟೆಯ ಚೌಕ, ಹಸಿರು ಇಳಕಲ್ ಸೀರೆಯ ಚೌಕ, ಮತ್ತೆ ಖಾಕಿ. ನಡುವೆ ಕೆಂಪು ದಾರದ ಒತ್ತು ಹೊಲಿಗೆ.

ದಾನಮ್ಮ ಅದನ್ನು ನೋಡಿದ್ದಳು. ಅದನ್ನಲ್ಲ, ಅದರ ದೊಡ್ಡ ಜೋಡಿಯನ್ನು. ನಿನ್ನೆ ಸಂಜೆ ಪಂಚವಟಿಯ ಆ ಇಕ್ಕಟ್ಟಾದ ಮನೆಯಲ್ಲಿ ಈರಮ್ಮ ಅವಳಿಗೆ ಕೂರಲು ಹಾಸಿದ್ದು ಅಂಥದ್ದೇ ಕೌದಿ. ಗಂಡನ ಹಳೇ ಯೂನಿಫಾರ್ಮು, ತನ್ನ ಮದುವೆಯ ಸೀರೆ, ಎರಡನ್ನೂ ಹರಿದು ಹೊಲಿದೆನೆಂದು ಅವಳೇ ನಾಚಿಕೊಂಡು ಹೇಳಿದ್ದಳು. ಕೌದಿಯ ಮೇಲೆ ಕೂತೇ ದಾನಮ್ಮ ನೋಡಿದ್ದಳು, ಮೂಲೆಯಲ್ಲಿ ಮುದ್ದಣ್ಣ ಎರಡೂ ಕೈಗೆ ಮೊಣಕೈವರೆಗೆ ಪಟ್ಟಿ ಕಟ್ಟಿಸಿಕೊಂಡು ಒರಗಿದ್ದ. ಈರಮ್ಮ ಅವನ ಬಾಯಿಗೆ ತುತ್ತಿಡುತ್ತಿದ್ದಳು. ಮೂಗಿನ ಮೇಲೆ ಕೂತ ನೊಣವನ್ನೂ ಅವಳೇ ಓಡಿಸಬೇಕಿತ್ತು. ಅವಳ ಗುಂಡಿ ಒತ್ತುವ ಹಳೇ ಫೋನು ಕೂಗಿದಾಗ, ಎಂಜಲು ಕೈ ಒರೆಸಿಕೊಂಡು ಅದನ್ನು ಎತ್ತಿದವಳೂ ಅವಳೇ.

ದಾನಮ್ಮ ಕೌದಿಯ ಗಂಟು ಬಿಚ್ಚಿದಳು. ಉದ್ದ ಶಾಫ್ಟಿನ ಹಳೇ ಮೋಟರು. ಮೈಮೇಲೆ ಒಣಗಿದ ಇಬತ್ತಿಯ ಮೂರು ಗೆರೆ, ಕೆಳಗಿನ ಗೆರೆ ಅರ್ಧಕ್ಕೇ ನಿಂತಿತ್ತು. ಯಾವ ಮೋಟರನ್ನೂ ಇಬತ್ತಿ ಹಚ್ಚದೆ ಸಾಯಬಣ್ಣ ಚಾಲೂ ಮಾಡುವವನಲ್ಲ. ಅವನ ಬಲಗೈಯ ಉಂಗುರದ ಬೆರಳನ್ನು ಹಿಂದೆಂದೋ ಬೆಲ್ಟು ತಿಂದುಹಾಕಿತ್ತು, ಉಳಿದದ್ದು ಅರ್ಧ ಬೆರಳು.

ಚಹಾದ ಗ್ಲಾಸು ಹಿಡಿದು ಬಂದ ವಿಶ್ವನಾಥಪ್ಪ ಬಾಗಿಲಲ್ಲೇ ನಿಂತ.

“ಕಾಕಾ,” ಎಂದಳು ದಾನಮ್ಮ. “ಇಬತ್ತಿ ಹಚ್ಚಿದ ಹಣಿ ನಿಮ್ಮದು. ಇನ್ನೊಂದು ಸರ್ತಿ ಸುಳ್ಳ ಹೇಳಬ್ಯಾಡ್ರಿ.”

ಅವನು ಗ್ಲಾಸು ಇಟ್ಟು ನೆಲದ ಮೇಲೆ ಕುಸಿದು ಕೂತ. ದಾನಮ್ಮನಿಗೆ ಮುದುಕನ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ನಾಸಿಕದಲ್ಲೊಬ್ಬ ಬಾಯಿ ಬಿಡುವುದಿಲ್ಲ, ಇಲ್ಲೊಬ್ಬ ಬಾಯಿ ಬಿಟ್ಟರೆ ಸುಳ್ಳು. ಒಳ್ಳೆಯವರನ್ನು ಉಳಿಸುವ ಕೆಲಸದಷ್ಟು ದಂಡದ ಕೆಲಸ ಇನ್ನೊಂದಿಲ್ಲ ಅನ್ನಿಸಿತು ಅವಳಿಗೆ. ಕಳ್ಳರಾದರೆ ಒದ್ದು ಕೇಳಬಹುದು.

“ಅದು ದಾಸೋಹದ ಮೋಟರವ್ವಾ,” ಎಂದ ವಿಶ್ವನಾಥಪ್ಪ ಕಡೆಗೂ.

ದಾಸೋಹದ ಮನೆಯಲ್ಲಿ ಸಂಡಿಗೆ, ಶಾವಿಗೆ ಒಣಗಿಸಲು ಯಾರೋ ಭಕ್ತರು ಕೊಟ್ಟ ಅದೇ ಕಂಪನಿಯ ಒಂದು ಡ್ರೈಯರಿತ್ತು. ವರ್ಷಕ್ಕೊಮ್ಮೆ ದೀಪಾವಳಿಯ ಮುಂದೆ ಅದಕ್ಕೆ ಕೆಲಸ. ಸಾಯಬಣ್ಣ ಬಂದು ಕೈ ಮುಗಿದು ಕೇಳಿದ. ಕಾರ್ಖಾನೆ ನಿಂತು ಕೂಲಿಯವರು ಮನೆಯಲ್ಲಿ ಕೂತಿದ್ದಾರೆ ಎಂದ. ವಿಶ್ವನಾಥಪ್ಪ ಯಾರನ್ನೂ ಕೇಳದೆ ದಾಸೋಹದ ಮೋಟರು ಬಿಚ್ಚಿ ಕಡ ಕೊಟ್ಟ. ದೀಪಾವಳಿಗೆ ಒಂದು ವಾರ ಮುಂಚೆ ಮರಳಿ ತರುತ್ತೇನೆಂದು ಸಾಯಬಣ್ಣ ಇಬತ್ತಿ ಮುಟ್ಟಿ ಮಾತು ಕೊಟ್ಟ. ಎಲ್ಲಿಂದ ತಂದೆನೆಂದು ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದೂ ಮಾತು ಕೊಟ್ಟ. ದಾಸೋಹದ ವಸ್ತುವನ್ನು ಹೊರಗೆ ಕೊಟ್ಟನೆಂದು ತಿಳಿದರೆ ಈ ಮುದುಕ ಅಲ್ಲಿಯ ಹೊಸ್ತಿಲು ತುಳಿಯುವಂತಿಲ್ಲ.

ಹಾಗಾದರೆ ಅದು ತಿರುಗಿ ಇಲ್ಲಿಗೆ ಹೇಗೆ ಬಂತು ಎಂದು ಕೇಳುವಾಗಲೇ ದಾನಮ್ಮನಿಗೆ ಉತ್ತರ ಗೊತ್ತಿತ್ತು. ಅದು ಅವಳ ಕೈಯಲ್ಲೇ ಇತ್ತು, ಖಾಕಿ ಚೌಕ, ಹಸಿರು ಚೌಕ. ಆದರೂ ಅವನ ಬಾಯಿಂದ ಕೇಳಬೇಕೆಂದು ಕಾದಳು.

ಬೆಂಕಿ ಬೀಳುವ ಎರಡು ದಿನ ಮುಂಚೆ ಈರಮ್ಮ ಒಬ್ಬಳೇ ಬಂದಿದ್ದಳಂತೆ, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು. ತೊಡೆ ಮರಗಟ್ಟಿ ಇಳಿಯುವಾಗ ಎಡವಿದ್ದಳಂತೆ. ದಾಸೋಹದ್ದು ದಾಸೋಹಕ್ಕೆ ಸೇರಿತು ಎಂದು ಕೈ ಮುಗಿದಳು. ಗಂಡನಿಗೆ ತಾನಾಗಿ ಹೇಳುವವರೆಗೆ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡಳು.

ದಾನಮ್ಮನಿಗೆ ಸಾಯಬಣ್ಣನ ಮೌನ ಈಗ ಅರ್ಥವಾಯಿತು. ಬೂದಿಯಲ್ಲಿ ಪೇಟೆ ಮೋಟರು ಕಂಡಿದ್ದಾನೆ, ಮನೆಗೆ ಹೋಗಿ ನೋಡಿದರೆ ಸಣ್ಣ ಕೌದಿ ಇಲ್ಲ. ಮೋಟರು ತೆಗೆಸಿದವಳು ಯಾರೆಂದು ಅವನಿಗೆ ಅವತ್ತೇ ತಿಳಿದಿದೆ. ಹೆಂಡತಿಯ ಹೆಸರು ಬರಬಾರದೆಂದು ತಾನೇ ಸಹಿ ಹಾಕಲು ಕೂತಿದ್ದಾನೆ. ಅವಳೋ, ಇದನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಗಂಡನನ್ನು ಉಳಿಸಿರೆಂದು ದಾನಮ್ಮನ ಕಾಲಿಗೆ ಬಿದ್ದಿದ್ದಾಳೆ. ಒಂದೇ ಸೂರಿನ ಕೆಳಗೆ ಕೂತು ಒಬ್ಬರ ಮುಖ ಒಬ್ಬರು ನೋಡದೆ ಉಣ್ಣುತ್ತಿರುವ ಇವರಿಬ್ಬರನ್ನೂ ಹಿಡಿದು ಜಗ್ಗಾಡಿಬಿಡಬೇಕು ಅನ್ನಿಸಿತು.

ಇನ್ನು ದಾರಿ ಎರಡೇ. ಈ ಕೌದಿಯನ್ನು ಪೊಲೀಸರ ಮುಂದಿಟ್ಟರೆ ಸಾಯಬಣ್ಣ ಉಳಿಯುತ್ತಾನೆ, ಈರಮ್ಮ ಸಿಕ್ಕಿಬೀಳುತ್ತಾಳೆ. ಇಡದಿದ್ದರೆ ಸೋಮವಾರ ಸಹಿ ಬೀಳುತ್ತದೆ. ಕೆಲಸ ಕೊಟ್ಟವಳನ್ನೇ ಒಪ್ಪಿಸುವ ಗತಿ ಮೂವತ್ತೊಂದು ವರ್ಷದಲ್ಲಿ ಬಂದಿರಲಿಲ್ಲ.

ಆದರೂ ಒಂದು ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ದೀಪಾವಳಿಗೆ ಇನ್ನೂ ದಿನವಿತ್ತು. ಗಂಡ ಊರಲ್ಲಿಲ್ಲದಾಗ, ಅಷ್ಟು ಅವಸರದಲ್ಲಿ, ಓಡುತ್ತಿದ್ದ ಮಷೀನಿನಿಂದ ತೆಗೆಸಿ ತರುವಂಥದ್ದು ಏನಾಗಿತ್ತು?

ಅದನ್ನು ಕೇಳಿದಾಗ ವಿಶ್ವನಾಥಪ್ಪ ತಲೆ ಎತ್ತಿದ.

“ಅದೇ ನನಗೂ ತಿಳೀವಲ್ದು. ನೀವೇ ಹೇಳಿ ಕಳಸೀರಂತಲ್ರಿ, ದಾಸೋಹದವರು ಸಿಟ್ಟಿಗೆದ್ದಾರಂತಲ್ರಿ ಅಂದ್ಲು. ನಾ ಯಾರಿಗೂ ಹೇಳಿ ಕಳಸಿಲ್ಲವ್ವಾ. ದಾಸೋಹದವರಿಗೆ ಇದು ಇನ್ನೂ ಗೊತ್ತೇ ಇಲ್ಲ.”

“ಮತ್ತ ಆಕಿಗಿ ಹಂಗಂತ ಯಾರ ಹೇಳಿದ್ರು?”

ಮುದುಕನಿಗೆ ಗೊತ್ತಿರಲಿಲ್ಲ. ಅಷ್ಟು ದೂರದಿಂದ ಹೊತ್ತು ತಂದವಳನ್ನು ನಿಲ್ಲಿಸಿ ವಿಚಾರಿಸುವುದು ಸರಿಯಲ್ಲವೆಂದು ಸುಮ್ಮನಾದನಂತೆ. ಸರಿಯಲ್ಲವಂತೆ! ದಾನಮ್ಮನ ಮೈಯೆಲ್ಲ ಉರಿಯಿತು. ದಾಸೋಹದ ಹೆಸರು ಹೇಳಿದರೆ ಈರಮ್ಮ ಒಂದು ಕ್ಷಣ ತಡೆಯುವವಳಲ್ಲ ಎಂದು ಬಲ್ಲವರೇ ಈ ಆಟ ಕಟ್ಟಿದ್ದರು. ಅಂಥವರಿಗೆ ಮೋಟರು ಎಲ್ಲಿಯದು, ಯಾವ ಕರಾರಿನ ಮೇಲೆ ಬಂದದ್ದು ಎಂಬುದೂ ಗೊತ್ತಿರಬೇಕು. ಸಾಯಬಣ್ಣ ಹೇಳಿರಲಾರ. ಜಯಕರನಿಗೆ ದಾಸೋಹ ಅಂದರೇನೆಂದೇ ತಿಳಿದಿರಲಾರದು. ಇಷ್ಟು ದಿನ ಅವನ ಹಿಂದೆ ಸುತ್ತಿದ್ದೆಲ್ಲ ದಂಡವೇ?

ಮಾತು ಕೊಟ್ಟ ಹೊತ್ತಿನಲ್ಲಿ ಇಲ್ಲಿ ಎಷ್ಟು ಜನ ಇದ್ದಿರಿ ಎಂದು ಕೇಳಿದಳು.

“ಮೂರ ಮಂದಿ,” ಎಂದ ವಿಶ್ವನಾಥಪ್ಪ, ಇದರಲ್ಲೇನು ವಿಶೇಷ ಎಂಬಂತೆ. “ನಾ, ಸಾಯಬಣ್ಣ, ಮತ್ತ ಮೋಟರ ಎತ್ತಲಾಕ ಬಂದಿದ್ನಲ್ಲ ಆತನ ಭಾವಮೈದ. ಮುದ್ದಣ್ಣ. ಅಂವನೂ ಇಬತ್ತಿ ಮುಟ್ಯಾನ.”

ಎರಡು ಫುಲ್. ಮೋಟರಿಗಲ್ಲ, ಮನುಷ್ಯನಿಗೆ. ನಾಲ್ಕು ದಿನದಿಂದ ಆ ಟಿಕೆಟನ್ನು ಚೀಲದಲ್ಲಿಟ್ಟುಕೊಂಡು ತಿರುಗಿದ್ದಳು, ಓದಲು ಬಾರದವಳ ಹಾಗೆ. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಸಾಯಬಣ್ಣ ಮಾಮಾ ಕೂಡಿಸಿದ್ದು ನಾಸಿಕದ ಪೇಟೆ ಮೋಟರೇ, ನಾ ಕಣ್ಣಾರೆ ನೋಡೀನಿ ಎಂದು ಪೊಲೀಸರಿಗೆ ಬರೆಸಿದವನು ಮುದ್ದಣ್ಣ. ಸಂಭಾಜಿನಗರದ ದಾರಿಯನ್ನೇ ಕಂಡಿಲ್ಲ ಎಂದು ದಾನಮ್ಮನೆದುರು ಕಣ್ಣಲ್ಲಿ ನೀರು ತಂದವನೂ ಅವನೇ. ಅಕ್ಕನಿಗೆ ಮೋಟರು ಬಿಚ್ಚಿ ಕೊಟ್ಟವನೂ ಅವನೇ ಇರಬೇಕು, ಅಲ್ಲೇ ದುಡಿಯುವವನಿಗೆ ಮಾಲೀಕನ ಕೀಲಿ ಸಿಗದ ವಸ್ತುವಲ್ಲ. ಸುಟ್ಟ ಕೈಯವನ ಮಾತನ್ನು ಯಾರು ತೂಗಿ ನೋಡುತ್ತಾರೆ?

ಈರಮ್ಮನ ಬಾಯಿಂದಲೇ ಆ ಹೆಸರು ಬರಬೇಕಿತ್ತು. ನಿನಗೆ ಆ ಸುದ್ದಿ ತಂದವರು ಯಾರು, ಅಷ್ಟೇ ಪ್ರಶ್ನೆ. ದಾನಮ್ಮ ಫೋನು ಹಚ್ಚಿದಳು. ಎರಡನೆಯ ರಿಂಗಿಗೇ ಎತ್ತಿದರು.

“ಹಲೋ, ಯಾರ್ರಿ?” ಗಂಡಸಿನ ದನಿ.

ಮುದ್ದಣ್ಣನೇ. ದಾನಮ್ಮ ತನ್ನ ದನಿಯನ್ನು ಎಷ್ಟು ಸಾಧ್ಯವೋ ಅಷ್ಟು ತಣ್ಣಗಿಟ್ಟುಕೊಂಡು, ಅಕ್ಕನಿಗೆ ಕೊಡಪ್ಪಾ ಎಂದಳು. ಅಕ್ಕ ಗೋದಾವರಿ ಕಡೆ ಹೋಗಿದ್ದಾಳೆ, ಫೋನು ಮನೆಯಲ್ಲೇ ಮರೆತಿದ್ದಾಳೆ ಎಂದ. ಮಾಮಾನನ್ನು ಠಾಣೆಗೆ ಕರೆಸಿದ್ದಾರಂತೆ.

ಹಾಗಿದ್ದರೆ ನಿನ್ನ ಹತ್ತಿರ ಯಾರಿದ್ದಾರೆ, ಫೋನು ಹಿಡಿದವರು ಯಾರು, ಅವರಿಗೇ ಕೊಡು ಎಂದಳು.

“ಯಾರೂ ಇಲ್ರಿ ಅಕ್ಕಾರ. ಬಾಗಲಾ ಹಾಕ್ಕೊಂಡು ನಾ ಒಬ್ಬನೇ ಅದೀನಿ.”

ನಿನ್ನೆ ಮೂಗಿನ ಮೇಲಿನ ನೊಣ ಓಡಿಸಲೂ ಅಕ್ಕ ಬೇಕಾಗಿದ್ದವನು ಇವತ್ತು ಒಬ್ಬನೇ ಫೋನು ಎತ್ತಿದ್ದ. ಆ ಕಡೆ ಸದ್ದು ನಿಂತಿತು. ತಾನು ಏನು ಹೇಳಿದೆನೆಂದು ಅವನಿಗೆ ಈಗ ಹೊಳೆದಿರಬೇಕು. ಉಸಿರು ಮಾತ್ರ ಕೇಳುತ್ತಿತ್ತು.

ಆಮೇಲೆ ಫೋನು ಕಟ್ಟಾಯಿತು. ಕಟ್ ಮಾಡಲಿಕ್ಕೂ ಒಂದು ಬೆರಳು ಬೇಕು.